ರಂಪಣಿ ಬಲೆಯ ತೆರವು ಮುಚ್ಚಿದವರು

ಶಿಷ್ಯನೊಬ್ಬ ಕೇಳಿದ:

"ಗುರುಗಳೇ, ಬೆಂಕಿಯ ಹೊಗೆ ಕುಡಿದು ನನ್ನ ಶ್ವಾಸನಾಳದ ಒಳಪೊರೆ ಸುಲಿದುಹೋಗಿತ್ತು. ಈಗ ಗಾಯ ಮುಚ್ಚಿದೆ. ಅಲ್ಲಿನ ಜೀವಕೋಶಗಳು ಅಂಟು ಪ್ರೋಟೀನುಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ ಎಂದು ಡಾಕ್ಟರು ಹೇಳಿದರು. ಹಾಗೆ ಹಿಡಿದು ನಿಂತವು ಗಾಯದ ಮೇಲೆ ನಡೆದುಬಂದದ್ದು ಹೇಗೆ?"

ಗುರುಗಳು ಹೇಳಿದರು:

ಕಡಲ ತಡಿಯಲ್ಲಿ ಒಬ್ಬ ಮೀನುಗಾರನಿದ್ದ. ಅವನ ಊರಿನವರೆಲ್ಲ ಸೇರಿ ದಡಕ್ಕೆ ಎಳೆಯುವ ಒಂದು ರಂಪಣಿ ಬಲೆಯಿತ್ತು. ಅದೆಷ್ಟು ಉದ್ದವೆಂದರೆ, ಈ ತುದಿ ಹಿಡಿದವನಿಗೆ ಮಗು ಹುಟ್ಟಿದ ಸುದ್ದಿ ಆ ತುದಿಗೆ ಮುಟ್ಟುವಷ್ಟರಲ್ಲಿ ಮಗುವಿಗೆ ಹಲ್ಲು ಬಂದಿರುತ್ತಿತ್ತು.

ಒಂದು ತಿಂಗಳಿಂದ ಬಲೆಗೆ ಏನೂ ಬಿದ್ದಿರಲಿಲ್ಲ. ಮಕ್ಕಳು ಗಂಜಿತಿಳಿ ಕುಡಿದು ಮಲಗುತ್ತಿದ್ದರು. ಕೊನೆಗೊಂದು ದಿನ ಬಂಗುಡೆ ಮೀನು ಬಿತ್ತು. ಹೇಗೆ ಬಿತ್ತೆಂದರೆ, ಒಂದು ಕಾಗೆ ಕಾಲು ಒದ್ದೆ ಮಾಡಿಕೊಳ್ಳದೆ ಮೀನಿನ ಬೆನ್ನ ಮೇಲೇ ನಡೆದು ದಡ ಸೇರಿತು. ಬಲೆ ಎದೆಮಟ್ಟದ ನೀರಿಗೆ ಬಂದಾಗ ಬಂಡೆಗೆ ಸಿಕ್ಕಿ ನಡುವೆ ಹರಿಯಿತು.

ಅರ್ಧ ಜನ ಹಗ್ಗ ಹಿಡಿದಿದ್ದರು, ಬಿಡುವಂತಿರಲಿಲ್ಲ. ಉಳಿದವರು ನೀರಿಗೆ ಹಾರಿ, ಹರಿದ ಜಾಗದ ಎರಡೂ ಅಂಚಿನಿಂದ ಹೆಗಲಿಗೆ ಹೆಗಲು ಕೊಟ್ಟು ಸಾಲುಗಟ್ಟಿದರು. ಆ ಗೋಡೆಯಲ್ಲಿ ಮೀನು ನುಸುಳಲಿಲ್ಲ. ಆದರೆ ಜನ ಸಾಲದೆ ಎರಡು ಸಾಲುಗಳ ನಡುವೆ ನಾಲ್ಕು ಮಾರು ತೆರವು ಉಳಿಯಿತು. ಅಲ್ಲಿಂದ ಮೀನು ಹೊಳೆಯಾಗಿ ಹೊರಟಿತು.

ದಡದ ಮೇಲಿಂದ ಊರ ಯಜಮಾನ ಕೂಗಿದ, "ಬಿಗಿ ಹಿಡೀರಿ! ಇನ್ನೂ ಬಿಗಿ!"

ಅವರು ಬಿಗಿ ಹಿಡಿದರು. ಬಿಗಿದಷ್ಟೂ ಸಾಲು ಮುದುಡಿತು. ನಾಲ್ಕು ಮಾರು ಐದಾಯಿತು.

ಮೀನುಗಾರ ನಿಂತದ್ದು ಸಾಲಿನ ತುದಿಯಲ್ಲಿ. ತೊಡೆಗೆ ಬಡಿದು ಹೋಗುವ ಒಂದೊಂದು ಮೀನೂ ತನ್ನ ಮಕ್ಕಳ ತಟ್ಟೆಯಿಂದಲೇ ಎದ್ದು ಹೋದಂತೆ ಅವನಿಗನಿಸಿತು. ಅವನು ಒಂದು ಕಾಲು ಮುಂದಿಟ್ಟು ಬೆರಳುಗಳಿಂದ ಮರಳನ್ನು ಕಚ್ಚಿ ಹಿಡಿದ. ಆಮೇಲೆ ಪಕ್ಕದವನ ಹೆಗಲಿನಿಂದ ಕೈ ಜಾರಿಸಿ ಮಣಿಕಟ್ಟು ಹಿಡಿದ.

"ಬಿಡಬೇಡ ಮಾರಾಯ, ಕಡಲು ಎಳ್ಕೊಂಡು ಹೋಗ್ತದೆ!" ಎಂದು ಪಕ್ಕದವನು ಕಿರುಚಿದ.

"ಬಿಡ್ತಾ ಇಲ್ಲ, ಸಡಿಲ ಮಾಡಿದ್ದು ಅಷ್ಟೆ. ಹೊಸ ಮದುಮಗನ ಹಾಗೆ ನೀನು ತಬ್ಬಿಕೊಂಡರೆ ನಾನು ಮುಂದೆ ಹೋಗೂದು ಹೇಗೆ? ನೀನೂ ಕಾಲೂರಿ ಬಾ!"

ಪಕ್ಕದವನು ಕಾಲೂರಿದ, ಸಡಿಲಿಸಿದ. ಅವನ ಹಿಂದಿನವನೂ ಹಾಗೇ ಮಾಡಿದ. ಎದುರು ಸಾಲಿನವರು ನೋಡಿ ಕಲಿತರು. ಒಬ್ಬನೂ ಪೂರ್ತಿ ಕೈ ಬಿಡಲಿಲ್ಲ, ಒಬ್ಬನೂ ನಿಂತಲ್ಲೇ ನಿಲ್ಲಲಿಲ್ಲ. ಆ ಹೊತ್ತು ಕುಳ್ಳರು ಕೂಡ ಹಿಗ್ಗಿ ಬಾಗಿಲಿನಷ್ಟು ಅಗಲವಾದರು.

ಕೊನೆಗೆ ಮೀನುಗಾರನ ಚಾಚಿದ ಕೈಗೆ ಎದುರಿನವನ ಕೈ ತಾಗಿತು. ತಾಗಿದ್ದೇ ತಡ, ಇಬ್ಬರೂ ನಿಂತರು. ಯಾರೂ ಹೇಳದೆ ಸಾಲಿಗೆ ಸಾಲೇ ನಿಂತಿತು, ಮತ್ತೆ ಬಿಗಿಯಿತು. ಆಮೇಲೆ ಒಂದು ಮೀನೂ ಆಚೆ ಹೋಗಲಿಲ್ಲ. ಬಲೆ ದಡ ಸೇರಿತು. ಊರು ಹೊಟ್ಟೆ ತುಂಬ ಉಂಡಿತು.

ಯಜಮಾನ ಮಾತ್ರ, ತಾನು ಕೂಗಿದ್ದಕ್ಕೇ ಬಲೆ ಉಳಿಯಿತೆಂದು ಸಾಯುವ ತನಕ ಹೇಳಿಕೊಂಡು ತಿರುಗಿದ.

ಶಿಷ್ಯ ನಕ್ಕುಬಿಟ್ಟ. "ಎಂಥ ಮರುಳ, ಗುರುಗಳೇ! ದಡದಲ್ಲಿ ನಿಂತವನಿಗೆ ನೀರೊಳಗಿನ ಕೆಲಸ ಏನು ಗೊತ್ತು?"

ಗುರುಗಳು ಕೇಳಿದರು, "ನಿನ್ನ ಗಾಯ ಮುಚ್ಚುತ್ತಿದ್ದಾಗ ನೀನು ಎಲ್ಲಿ ನಿಂತಿದ್ದೆ, ಮಗು?"