ಮುಚ್ಚಳ ಹಾಕದ ಕಂಟ್ರೋಲ್ ಸೀಸೆ

ಯಾರೂ ಹೊಯ್ಯದ ಉಚ್ಚೆ ಯಾವುದು, ಹೇಳಿ ನೋಡೋಣ? ನಿಮ್ಮ ಕೈಲಾಗಲ್ಲ ಬಿಡಿ, ನಾನೇ ಹೇಳ್ತೀನಿ: ಲ್ಯಾಬಿನ ಕಂಟ್ರೋಲ್ ಸೀಸೆಯಲ್ಲಿ ಇರೋದು. ಕಿಡ್ನಿ ಕೆಟ್ಟಾಗ ಉಚ್ಚೆಗೆ ಸೋರುವ ಕಿಣ್ವವನ್ನು ಕಂಪನಿಯವರು ಕೃತಕ ಉಚ್ಚೆಗೆ ಅಳೆದು ಬೆರೆಸಿ ಕಳಿಸಿರ್ತಾರೆ. ದಿನಾ ಬೆಳಿಗ್ಗೆ ಮೆಷಿನ್ ಅದನ್ನು ಸರಿಯಾಗಿ ಅಳೆದರೆ ಮಾತ್ರ ರೋಗಿಗಳ ಸರದಿ.

ಆವತ್ತು ಸೀಸೆ ಕಷ್ಟಕ್ಕೆ ಸಿಕ್ಕಿತ್ತು. ಹಿಂದಿನ ದಿನ ಲ್ಯಾಬಿನ ಮೇಡಂ ಅದಕ್ಕೆ ಮುಚ್ಚಳ ಹಾಕೋದು ಮರೆತಿದ್ದರು. ಫ್ಯಾನಿನ ಗಾಳಿಗೆ ನೀರು ಆರಿ ಒಳಗಿದ್ದದ್ದು ಮಂದವಾಗಿ, ಕಿಣ್ವದ ಪ್ರಮಾಣ ಏರಿತ್ತು.

ಮೆಷಿನ್ ಗದರಿತು: "ಏನೋ ಇದು, ನಿನ್ನ ಕಿಣ್ವ ಇಷ್ಟು ಜಾಸ್ತಿ ಬರ್ತಿದೆ! ತಪ್ಪು ನಿಂದೋ, ನಂದೋ?"

ತನ್ನದು ಅಂದರೆ ಕಸದ ಬುಟ್ಟಿ ಗ್ಯಾರಂಟಿ. "ನಿಂದೇ ಇರಬೇಕು," ಅಂತು ಸೀಸೆ.

"ಹಾಗಾದರೆ ಮೇಡಂ ನನ್ನ ಅಳತೆ ತಗ್ಗಿಸ್ತಾರೆ. ಆಮೇಲೆ ಎಲ್ಲರಿಗೂ ಕಡಿಮೆಯೇ ತೋರಿಸ್ತೀನಿ."

ಪಕ್ಕದಲ್ಲಿದ್ದ ರೋಗಿಯೊಬ್ಬರ ಉಚ್ಚೆಯ ಟ್ಯೂಬು ಅಳತೊಡಗಿತು: "ಸೀಸೆಯಣ್ಣಾ, ನನ್ನ ಒಡತಿ ನೀಲಮ್ಮನ ಕಿಡ್ನಿ ಕೆಡ್ತಾ ಇದೆ. ಕಡಿಮೆ ತೋರಿಸಿದರೆ ಡಾಕ್ಟರು, ಏನೂ ಇಲ್ಲ, ಮನೆಗೆ ಹೋಗಮ್ಮ ಅಂತಾರೆ. ದಮ್ಮಯ್ಯ, ಬಾಯಿ ಬಿಡು!"

ಸೀಸೆ ಕಸದ ಬುಟ್ಟಿಯ ಕಡೆ ನೋಡಿತು. ಮೇಡಂ ಕೈ ಮೆಷಿನ್ನಿನ ಗುಂಡಿಯ ಹತ್ತಿರ ಬಂತು.

"ತಪ್ಪು ನಂದೇ!" ಅಂತ ಸೀಸೆ ಕಿರುಚಿತು. ಮೇಡಂ ಅದನ್ನು ಬುಟ್ಟಿಗೆ ಎಸೆದು, ಹೊಸ ಸೀಸೆ ತೆಗೆದರು.

ಈ ಕೊನೆ ನಾನು ಕಟ್ಟಿದ್ದು ಕಣ್ರೀ. ಸೀಸೆ ಬಾಯಿ ಬಿಡಲೇ ಇಲ್ಲ. ನೀಲಮ್ಮ ನಗ್ತಾ ನಗ್ತಾ ಮನೆಗೆ ಹೋದರು.