ಅರಮನೆಯ ಮನೆಬಂಡಿಗೆ ಬೆಲೆ ಕಟ್ಟಿದ್ದು

ಬಿಲ್ವಗಿರಿ ಅಂತ ಒಂದು ರಾಜ್ಯ. ಅಲ್ಲಿ ಮಾದರಸ ಅಂತ ಒಬ್ಬ ರಾಜ. ರಾಜನ ಸರದಿ ಕೊನೆಗೆ ಬರುತ್ತದೆ ಮಕ್ಕಳೇ, ಅಲ್ಲಿಯವರೆಗೆ ಅವನು ಅರಮನೆಯಲ್ಲಿ ಸುಖವಾಗಿರಲಿ. ಈ ಕಥೆ ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ನಿಂಗಾಜಮ್ಮನದು.

ನಿಂಗಾಜಮ್ಮನ ಹೋಳಿಗೆಯ ವಾಸನೆ ಬಂದರೆ ಸಾಕು, ಮುನಿಸಿಕೊಂಡು ಹೊರಟ ಬೀಗರೂ ತಿರುಗಿ ಬಂದು ಎಲೆ ಮುಂದೆ ಕೂರುತ್ತಿದ್ದರು. ಅವಳದೊಂದು ಕಟ್ಟುನಿಟ್ಟು ಇತ್ತು. ದೇವರಿಗೆ ಎಡೆ ಇಟ್ಟಾದ ಮೇಲೆ, ಪಂಕ್ತಿಗೆ ಬಡಿಸುವ ಮೊದಲು, ಎಲ್ಲರ ಕಣ್ಣೆದುರೇ ತಾನು ಒಂದು ತುತ್ತು ತಿನ್ನುವಳು. ಬೇಯಿಸಿದವರೇ ತಿನ್ನಲು ಹಿಂಜರಿದರೆ ಆ ಪಾತ್ರೆಯನ್ನು ಹಿತ್ತಲಿಗೆ ಸುರಿಯಬೇಕು ಎನ್ನುವಳು.

ಊರೂರಿಗೂ ಅವಳು ಬೇಕು, ಆದರೆ ಅವಳಿಗೇ ಒಂದು ಮನೆಯಿಲ್ಲ. ಚಪ್ಪರ ಇರುವಷ್ಟು ದಿನ ಚಪ್ಪರದಡಿ ಮಲಗುವುದು, ಚಪ್ಪರ ಬಿಚ್ಚಿದ ದಿನ ಗಂಟುಮೂಟೆ ಕಟ್ಟುವುದು. ಗಂಡ ಕೆಂಚಪ್ಪ, ಮಗ, ಸೊಸೆ ಚೆಲುವಿ, ಎಲ್ಲರ ಬಾಳೂ ಹೀಗೆಯೇ ನಡೆದಿತ್ತು. ಆದರೆ ಈಗ ಚೆಲುವಿ ತುಂಬಿದ ಬಸುರಿ. ಮಳೆಗಾಲ ಹತ್ತಿರ ಬಂದಿತ್ತು. ಹುಟ್ಟುವ ಕೂಸು ಯಾರದೋ ಜಗಲಿಯ ಮೇಲೆ ನೆನೆಯಬೇಕೇ ಎಂದು ನಿಂಗಾಜಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಡಂಗುರ ಸಾರಿದರು. ಅರಮನೆಯ ಹಳೆಯ ಮನೆಬಂಡಿ ಮಾರಾಟಕ್ಕಿದೆ.

ಮನೆಬಂಡಿ ಅಂದರೆ ಏನು ಅಂತೀರಿ? ನಾಲ್ಕು ಗಾಲಿಯ ಮೇಲೆ ಕೂತ ಮನೆ. ರಾಜನ ಅಜ್ಜಿ ರಾಜ್ಯ ಸುತ್ತಲು ಮಾಡಿಸಿದ್ದಂತೆ. ಒಳಗೆ ತೂಗುಮಂಚ, ತಾಮ್ರದ ಹಂಡೆಯಿಟ್ಟ ಬಚ್ಚಲು, ಕನ್ನಡಿ ಕೂರಿಸಿದ ಗೋಡೆ, ಮೂಲೆಯಲ್ಲಿ ಒಲೆ. ಬಾಗಿಲಿಗೆ ಎರಡು ಹಿತ್ತಾಳೆ ಗಿಣಿ. ಮಾದರಸನಿಗೆ ಕುದುರೆ ಹತ್ತುವ ಹುಚ್ಚು, ಬಂಡಿ ಯಾರಿಗೆ ಬೇಕು? ಸರಿಯಾದ ಬೆಲೆಗೆ ಮಾರಿಬಿಡು ಎಂದು ಉಗ್ರಾಣದ ಸೋಮರಾಜಯ್ಯನಿಗೆ ಒಪ್ಪಿಸಿದ್ದ.

ಈ ಸೋಮರಾಜಯ್ಯ ಇದ್ದಾನಲ್ಲ, ಮಾತಿನಲ್ಲೇ ಮನೆ ಕಟ್ಟಿ ಗೃಹಪ್ರವೇಶವನ್ನೂ ಮಾಡಿಸಿಬಿಡುವ ಆಸಾಮಿ. ನಿಂಗಾಜಮ್ಮನನ್ನು ಬಂಡಿಯ ಸುತ್ತ ಕರೆದುಕೊಂಡು ಹೋದ. ನೆಲವೋ, ಆನೆ ಕುಣಿದರೂ ಅಲುಗದು ಎಂದ. ಗಾಲಿ ತಡೆಯುವ ಮರವೋ, ಬೆಟ್ಟದ ನೆತ್ತಿಯಲ್ಲೂ ಹಿಡಿದು ನಿಲ್ಲಿಸುತ್ತದೆ ಎಂದ. ಚಾವಣಿಯೋ, ಹೊಳೆಯೇ ಮೇಲೆ ಬಿದ್ದರೂ ಒಂದು ಹನಿ ಇಳಿಯದು ಎಂದ. ಕೊನೆಗೆ ಬೆಲೆ ಹೇಳಿದ, ನೂರು ವರಹ.

ಕೆಂಚಪ್ಪನ ಮುಖ ಬಿಳುಚಿಕೊಂಡಿತು. ಇದ್ದಬದ್ದ ಗಂಟನ್ನೆಲ್ಲ ಬಿಚ್ಚಿ, ಅತ್ತೆ ಸೊಸೆಯರ ಕೊರಳಿನ ಚಿನ್ನ ಕಳಚಿಟ್ಟರೆ ಅಷ್ಟಾದೀತು. ಆಮೇಲೆ ಬಾಣಂತನಕ್ಕೆ ತುಪ್ಪ ಕೊಳ್ಳಲೂ ಕಾಸಿರುವುದಿಲ್ಲ. ಚೆಲುವಿ ಮಾತ್ರ ಹಿತ್ತಾಳೆ ಗಿಣಿಯ ಕೊಕ್ಕು ಸವರುತ್ತ ನಿಂತಿದ್ದಳು. ಅವಳ ಮುಖ ನೋಡಿ ನಿಂಗಾಜಮ್ಮನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

"ನೂರಕ್ಕೆ ನೂರೂ ಕೊಡ್ತೀನಿ, ಅಯ್ಯನೋರೆ," ಎಂದಳು. "ಆದ್ರೆ ನಮ್ಮ ಕಸುಬಲ್ಲಿ ಬಡಿಸೋರೇ ಮೊದಲ ತುತ್ತು ತಿನ್ಬೇಕು. ನಾಳೆ ಹೊಳೆ ಮಂಟಪದ ತನಕ ಹೋಗಿಬರೋವರೆಗೂ ನೀವು ಬಂಡಿ ಒಳಗೇ ಕೂತಿರಿ. ಒಲೆ ಹಚ್ಚಿ ಹೋಳಿಗೆ ಮಾಡಿ ಹಾಕ್ತೀನಿ."

ಬಂಡಿಯೊಳಗೆ ಕೂರುವ ಮಾತು ಕೇಳಿ ಸೋಮರಾಜಯ್ಯನಿಗೆ ಮುಜುಗರವಾಯಿತು. ಹೋಳಿಗೆಯ ಮಾತು ಕೇಳಿ ಬಾಯಲ್ಲಿ ನೀರೂರಿತು. ಗೆದ್ದಿದ್ದು ಹೋಳಿಗೆ.

ಮಾರನೆಯ ದಿನ ಬೆಳಿಗ್ಗೆ ನಾಲ್ಕು ಎತ್ತು ಹೂಡಿ ಹೊರಟರು. ಕೆಂಚಪ್ಪ ಎತ್ತು ಹೊಡೆಯುತ್ತಿದ್ದ, ಅತ್ತೆ ಸೊಸೆ ಒಳಗೆ ಒಲೆಯ ಮೂಲೆಯಲ್ಲಿ ಕೂತಿದ್ದರು. ಸೋಮರಾಜಯ್ಯ ಬಾಗಿಲ ಪಕ್ಕದ ದಿಂಬಿಗೆ ಒರಗಿದ. ಊರು ದಾಟಿದ್ದೇ ಕಲ್ಲುದಾರಿ. ಬಂಡಿ ಗುಂಡಿಗೆ ಇಳಿದು ಕಲ್ಲು ಹತ್ತಿ ಕುಲುಕಾಡಿತು. ಕನ್ನಡಿಗಳು ಗಲಗಲ ಅಂದವು. ಸೋಮರಾಜಯ್ಯ ಮಾತ್ರ ಗೊರಕೆ ಹೊಡೆಯುತ್ತಿದ್ದ. ನಿಂಗಾಜಮ್ಮ ಆ ಗೊರಕೆಯನ್ನು ಗಮನವಿಟ್ಟು ಕೇಳಿದಳು.

ದಾರಿ ಸಮವಾದಾಗ ಅವನನ್ನು ಎಬ್ಬಿಸಿ, ದೊಡ್ಡವರು ಹೀಗೆ ಮೂಲೆಯಲ್ಲಿ ಮುದುಡಬಾರದು, ನಡುವಿನ ತೂಗುಮಂಚದ ಮೇಲೆ ಕೂರಬೇಕು ಎಂದು ಉಪಚಾರ ಮಾಡಿದಳು. ಸೋಮರಾಜಯ್ಯ ನಡುವಿನಲ್ಲಿ ಹಾಸಿದ್ದ ರತ್ನಗಂಬಳಿಯನ್ನು ನೋಡಿದ. ತೂಗಿದರೆ ತಲೆ ಸುತ್ತುತ್ತದೆ ಎಂದು ಬಾಗಿಲಿಗೆ ಇನ್ನಷ್ಟು ಆತುಕೊಂಡ.

ಕೆಂಚಪ್ಪ ಹಿಂದೆ ತಿರುಗಿ, "ಏನಮ್ಮಿ, ಹೆಂಗೆ?" ಎಂದ.

"ಇನ್ನೂ ಬೇಯ್ಬೇಕು," ಎಂದಳು ನಿಂಗಾಜಮ್ಮ.

ಮುಂದೆ ಇಳಿಜಾರು ಬಂತು. ಸೋಮರಾಜಯ್ಯ ಧಡಕ್ಕನೆ ಎದ್ದ. ಕೂತು ಕೂತು ಮಂಡಿ ಹಿಡಿದುಕೊಂಡಿದೆ, ಸ್ವಲ್ಪ ನಡೆದು ಬರುತ್ತೇನೆ ಎಂದು ಇಳಿದೇಬಿಟ್ಟ. ಮಂಡಿ ಹಿಡಿದವನು ಬಂಡಿಯಿಂದ ಮಾರು ದೂರ, ಬೇಲಿಯ ಆಚೆ, ಆಡುಮರಿ ಹಾಗೆ ಜಿಗಿಯುತ್ತ ಇಳಿದ. ನಿಂಗಾಜಮ್ಮ ಕೂಡಲೇ ಬಂಡಿ ನಿಲ್ಲಿಸಿದಳು. ಚೆಲುವಿಯನ್ನು ಕೈಹಿಡಿದು ಇಳಿಸಿದಳು. ಹಿಂದಿನ ಗಾಲಿಗಳಿಗೆ ಹಗ್ಗ ಬಿಗಿದು ಮೆಲ್ಲಗೆ ಇಳಿಸಿದರು.

"ಈಗ?" ಎಂದ ಕೆಂಚಪ್ಪ.

"ಇನ್ನೂ ಬೇಯ್ಬೇಕು."

ಹೊಳೆ ಮಂಟಪ ಬಂತು, ಚಾವಣಿ ಕುಸಿದ ಹಾಳು ಮಂಟಪ. ಒಲೆ ಹತ್ತಿತು. ಬಾಳೆ ಎಲೆ ಬಂತು, ಹೋಳಿಗೆ ಬಂತು, ಹೋಳಿಗೆಯ ಮೇಲೆ ತುಪ್ಪ ಬಂತು. ಸೋಮರಾಜಯ್ಯ ಇನ್ನೇನು ಕೈಯಿಡಬೇಕು, ಗುಡುಗಿತು. ದಪ್ಪ ದಪ್ಪ ಹನಿ ಬಿತ್ತು. ಹೊಳೆದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು, ದನ ಮೇಯಿಸುತ್ತಿದ್ದವರು, ಎಲ್ಲರೂ ಬಂಡಿಯ ಕಡೆ ಓಡಿ ಬಂದರು. ಬಂಡಿಯಿಂದ ಹೊರಕ್ಕೆ ಓಡಿದವನು ಒಬ್ಬನೇ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸೋಮರಾಜಯ್ಯ ಆಲದ ಮರಕ್ಕೆ ಓಡಿದ. ದಾರಿಯಲ್ಲೇ ಹೋಳಿಗೆ ನೆನೆದು ಅಂಬಲಿಯಾಯಿತು.

ಮಳೆಯಲ್ಲಿ ಮನೆ ಬಿಟ್ಟು ಮರ ಸೇರುತ್ತಿದ್ದೀರಲ್ಲ ಎಂದು ನಿಂಗಾಜಮ್ಮ ಕೂಗಿ ಕೇಳಿದಳು. ಗಾಳಿ ಚೆನ್ನಾಗಿದೆ ಎಂದು ಅವನು ನಡುಗುತ್ತಲೇ ಉತ್ತರ ಕೊಟ್ಟ. ಅಷ್ಟರಲ್ಲಿ ಬಂಡಿಯೊಳಗೆ ತೂಗುಮಂಚದ ಮೇಲೆ ನೀರು ಧಾರೆಗಟ್ಟಿತ್ತು. ನಿಂಗಾಜಮ್ಮ ರತ್ನಗಂಬಳಿ ಎತ್ತಿ ನೋಡಿದಳು. ಕೆಳಗಿನ ಹಲಗೆಯನ್ನು ಗೆದ್ದಲು ತಿಂದು ಹಪ್ಪಳ ಮಾಡಿತ್ತು. ಚೆಲುವಿಯ ಕಣ್ಣಲ್ಲೂ ನೀರು ಬಂತು. ನಿಂಗಾಜಮ್ಮ ಮಾತ್ರ ನಕ್ಕು ಗಂಡನಿಗೆ ಹೇಳಿದಳು.

"ಈಗ ಬೆಂದಿದೆ. ಅರಮನೆಗೆ ಹೊಡಿ."

ದುಡ್ಡನ್ನು ತನ್ನ ಕೈಗೇ ಕೊಡಬೇಕೆಂದು ಸೋಮರಾಜಯ್ಯ ದಾರಿಯುದ್ದಕ್ಕೂ ಗೋಗರೆದ. ಬಂಡಿ ರಾಜರದು, ದುಡ್ಡೂ ರಾಜರ ಕೈಗೇ ಎಂದು ನಿಂಗಾಜಮ್ಮ ನೆಟ್ಟಗೆ ಮಾದರಸನ ಮುಂದೆ ಹೋಗಿ ನಿಂತಳು. ಒದ್ದೆ ಪೇಟದ ಸೋಮರಾಜಯ್ಯ ಹಿಂದೆ ನಿಂತು ಸೀನುತ್ತಿದ್ದ.

ನೂರು ವರಹ ಎಂಬ ಬೆಲೆ ಕೇಳಿ ರಾಜನಿಗೆ ಆಶ್ಚರ್ಯವಾಯಿತು. ಆ ಬಂಡಿ ಸೌದೆಗೂ ಬಾರದು, ಹತ್ತು ವರಹ ಬಂದರೆ ಪುಣ್ಯ ಎಂದು ಸೋಮರಾಜಯ್ಯ ಹೇಳಿದ್ದನಂತೆ. ಎಲ್ಲಿ ಹತ್ತು, ಎಲ್ಲಿ ನೂರು? ನಡುವಿನ ತೊಂಬತ್ತು ಯಾರ ಜೇಬಿಗೆ ಹೊರಟಿತ್ತೆಂದು ಬಾಗಿಲ ಕಾವಲುಗಾರನಿಗೂ ಅರ್ಥವಾಯಿತು. ನಾಚಿಕೆಯಾದ ರಾಜ, ಹತ್ತಕ್ಕೇ ತೆಗೆದುಕೊಂಡು ಹೋಗು ತಾಯಿ ಎಂದ. ಕೆಂಚಪ್ಪ ಹೆಂಡತಿಯ ಸೆರಗು ಜಗ್ಗಿದ, ಒಪ್ಪಿಕೋ ಎಂದು.

ನಿಂಗಾಜಮ್ಮ ಸೆರಗು ಬಿಡಿಸಿಕೊಂಡಳು.

"ಹತ್ತೂ ಸುಳ್ಳು ಬೆಲೆಯೇ, ಬುದ್ಧಿ. ಈ ಅಯ್ಯನೋರು ಹೆದರಿದ ಕಡೆಯೆಲ್ಲ ಬಂಡಿ ಕೆಟ್ಟಿದೆ. ನೆಲ, ತಡೆಮರ, ಚಾವಣಿ. ಆದ್ರೆ ಕಲ್ಲುದಾರೀಲಿ ಗೊರಕೆ ಹೊಡೆದ್ರು. ಅಂದ್ರೆ ಗಾಲಿ, ಅಚ್ಚು, ಚೌಕಟ್ಟು ಗಟ್ಟಿ ಅಂತ ಅವರಿಗೆ ಗೊತ್ತು. ಎಲ್ಲಾ ಗಟ್ಟಿಯಾಗಿದ್ರೆ ಹಳೇದಕ್ಕೆ ನೂರು ನ್ಯಾಯವೇ. ದುರಸ್ತಿಗೆ ಅರವತ್ತು ಬೇಕು. ನಲವತ್ತು ತಗೊಳಿ. ಕೂಸು ಹುಟ್ಟೋ ಮನೆ, ಕದ್ದ ಮನೆ ಆಗ್ಬಾರ್ದು."

ಸಭೆ ತಲೆದೂಗಿತು. ರಾಜ ನಲವತ್ತು ವರಹ ತೆಗೆದುಕೊಂಡ. ಅತ್ತೆ ಸೊಸೆಯರ ಚಿನ್ನ ಕೊರಳಲ್ಲೇ ಉಳಿಯಿತು, ತುಪ್ಪಕ್ಕೂ ಕಾಸು ಉಳಿಯಿತು.

ಸೋಮರಾಜಯ್ಯನಿಗೆ ಏನಾಯಿತು ಅಂತೀರಾ? ಉಗ್ರಾಣದ ಬೀಗದ ಕೈ ಹೋಯಿತು. ಜೊತೆಗೆ ರಾಜ ಒಂದು ಕಟ್ಟಳೆ ಮಾಡಿದ. ಇನ್ನು ಮೇಲೆ ಅರಮನೆಯ ಯಾವ ಹಳೆಯ ವಸ್ತು ಮಾರಿದರೂ ಮೊದಲು ಸೋಮರಾಜಯ್ಯ ಅದನ್ನು ಬಳಸಿ ತೋರಿಸಬೇಕು. ಮುಂದಿನ ವಾರವೇ ಒಂದು ಹಳೆಯ ದೋಣಿ ಮಾರಾಟಕ್ಕೆ ಬಂತು. ಅವನಿಗೆ ಈಜು ಬರುತ್ತಿರಲಿಲ್ಲ. ಯಾರೂ ಕೇಳುವ ಮೊದಲೇ ದೋಣಿಯ ತೂತುಗಳನ್ನೆಲ್ಲ ಬೆರಳಿಟ್ಟು ತೋರಿಸಿದ.

ಇತ್ತ ಬಡಗಿ ಬಂದು, ಅರವತ್ತನ್ನು ಒಂದೊಂದು ಮದುವೆಯ ಸಂಪಾದನೆಯಲ್ಲೂ ಇಷ್ಟಿಷ್ಟು ತೀರಿಸುವ ಮಾತಿನ ಮೇಲೆ ಬಂಡಿ ಸರಿಮಾಡಿಕೊಟ್ಟ. ಆದರೆ ನಿಂಗಾಜಮ್ಮ ಸೊಸೆಯನ್ನು ಕೂಡಲೇ ಒಳಗೆ ಬಿಡಲಿಲ್ಲ. ಜೋರು ಮಳೆ ಬರಲಿ ಎಂದು ಕಾದಳು. ಮೊದಲ ಹನಿ ಬೀಳುವಾಗಲೇ ತಾನೊಬ್ಬಳೇ ಒಳಗೆ ಹೋಗಿ, ನಡುನೆಲದ ಮೇಲೆ ಕಾಲೂರಿ, ತೂಗುಮಂಚದ ಮೇಲೆ ಅಂಗಾತ ಮಲಗಿದಳು. ಮಳೆ ನಿಲ್ಲುವವರೆಗೂ ಎದ್ದು ಬರಲಿಲ್ಲ. ಆಮೇಲೆ ಒಣ ಸೀರೆಯಲ್ಲೇ ಹೊರಗೆ ಬಂದು ಚೆಲುವಿಯ ಕೈ ಹಿಡಿದಳು.

"ಬಾ ಮಗ, ಒಳಗೆ ಬಾ. ಮೊದಲ ತುತ್ತು ನಾನು ತಿಂದಾಯ್ತು."

ಆ ಮಳೆಗಾಲದಲ್ಲೇ ಚೆಲುವಿಗೆ ಹೆಣ್ಣುಮಗು ಹುಟ್ಟಿತು. ಹಿತ್ತಾಳೆ ಗಿಣಿ ನೋಡಿ ಕೇಕೆ ಹಾಕುತ್ತ ಆ ಮಗು ಊರೂರಿನ ಮದುವೆಗೂ ತನ್ನ ಮನೆಯಲ್ಲೇ ಹೋಯಿತು.

ತಿಳಿಯಿತೇ ಮಕ್ಕಳೇ? ಹಳೆಯ ವಸ್ತುವಿನ ಬೆಲೆ ಅದರ ಹೊಳಪಿನಲ್ಲೂ ಇಲ್ಲ, ಮಾರುವವನ ಬಾಯಲ್ಲೂ ಇಲ್ಲ. ಹೊಗಳಿದವನೇ ಅದನ್ನು ಬಳಸಲು ಹೆದರಿದರೆ ಅಲ್ಲಿ ಮೋಸವಿದೆ. ಮೋಸ ಕಂಡಿತೆಂದು ನೀವು ತಿರುಗಿ ಮೋಸ ಮಾಡಬೇಡಿ, ನ್ಯಾಯದ ಬೆಲೆ ಕೊಟ್ಟು ತನ್ನಿ. ಇಷ್ಟು ಹೇಳಿ ನಾನು ಎದ್ದೆ, ಹೋಳಿಗೆ ನೆನೆದು ನನಗೂ ಹಸಿವಾಗಿದೆ.