ಕೋಳದ ಅಳತೆ

"ಗುರುಗಳೇ, ಅಪರಾಧ ಮತ್ತು ಶಿಕ್ಷೆಯ ವಿಷಯದಲ್ಲಿ ನಮ್ಮ ಶಾಸಕರಲ್ಲಿ ಯಾರು ಯಾವ ಕಡೆಗಿದ್ದಾರೆ ಎಂದು ತಿಳಿಯುವುದು ಹೇಗೆ?"

ಶಿಷ್ಯ ಕೇಳಿದ ಪ್ರಶ್ನೆ ಇದು. ಚುನಾವಣೆಗೆ ನಾಲ್ಕು ದಿನ ಉಳಿದಿತ್ತು. ಅವನು ಎಲ್ಲರ ಭಾಷಣಗಳನ್ನೂ ಕೇಳಿ, ಒಂದು ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದ. ಎಡಗಡೆಯ ಪುಟಕ್ಕೆ 'ಕಠಿಣರು' ಎಂದೂ ಬಲಗಡೆಯ ಪುಟಕ್ಕೆ 'ಕರುಣೆಯುಳ್ಳವರು' ಎಂದೂ ತಲೆಬರಹ ಕೊಟ್ಟಿದ್ದ. ಬರೆದು ಮುಗಿಸಿದ ಮೇಲೆ ನೋಡಿದರೆ ಅರ್ಧ ಜನರ ಹೆಸರು ಎರಡೂ ಕಡೆ ಬಂದಿತ್ತು.

ಗುರುಗಳು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಒಂದು ಹಿಡಿ ಕಾಯಿಯನ್ನು ಅವನ ಮುಂದಕ್ಕೂ ಸುರಿದು, "ಕೈ ಸುಮ್ಮನಿರಬಾರದು, ಬಿಡಿಸುತ್ತ ಕೇಳು" ಎಂದರು.

ಒಂದು ನಾಡಿತ್ತು. ಅಲ್ಲಿ ರಾಜನಿರಲಿಲ್ಲ. ಜನ ಒಂಬತ್ತು ಮಂದಿಯನ್ನು ಆರಿಸಿ ಸಭೆಗೆ ಕಳಿಸುತ್ತಿದ್ದರು. ಸಭೆ ಹೇಳಿದ್ದೇ ಕಾನೂನು.

ಆ ವರ್ಷ ನಾಡಿನಲ್ಲಿ ಕಳ್ಳತನ ಹೆಚ್ಚಿತು. ಮೊದಲು ಎರಡು ಮೇಕೆ ಹೋದವು. ಸಭೆ ವಿಷಾದ ಸೂಚಿಸಿತು. ಆಮೇಲೆ ಒಬ್ಬ ಮುದುಕಿಯ ತಾಮ್ರದ ಹಂಡೆ ಹೋಯಿತು. ಸಭೆ ಇನ್ನೊಮ್ಮೆ ವಿಷಾದ ಸೂಚಿಸಿತು. ಮೂರನೆಯದಾಗಿ ಸಭಾಭವನದ ಗಂಟೆಯೇ ಹೋಯಿತು. ಆ ಗಂಟೆ ಹೊಡೆದ ಮೇಲೆಯೇ ಮಾತಾಡುವವನು ಮಾತು ನಿಲ್ಲಿಸಬೇಕು ಎಂಬುದು ಅಲ್ಲಿನ ನಿಯಮ. ಗಂಟೆಯಿಲ್ಲದೆ ಅಧ್ಯಕ್ಷರು ಬೆಳಗ್ಗೆ ಶುರುಮಾಡಿದ ಸ್ವಾಗತ ಭಾಷಣ ಮಧ್ಯಾಹ್ನ ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ಆಗ ಕಳ್ಳತನ ಎಷ್ಟು ಘೋರವಾದದ್ದು ಎಂಬುದು ಎಲ್ಲ ಸದಸ್ಯರಿಗೂ ಮನವರಿಕೆಯಾಯಿತು.

ತುಪ್ಪದ ವ್ಯಾಪಾರಿಯೊಬ್ಬ ಸಭೆಯ ಸದಸ್ಯನಾಗಿದ್ದ. ಅವನು ಎದ್ದು ಹೇಳಿದ: "ಕಳ್ಳನ ಕಾಲನ್ನು ಕೋಳಕ್ಕೆ ಹಾಕಿ ಒಂಬತ್ತು ದಿನ ಬಿಸಿಲಲ್ಲಿ ಕೂರಿಸಬೇಕು. ಕೋಳ ಎಷ್ಟು ಬಿಗಿಯಿರಬೇಕೆಂದರೆ, ಎದ್ದ ಮೇಲೆ ಅವನಿಗೆ ಕಾಲು ತನ್ನದೋ ಪರರದೋ ಎಂದು ಅನುಮಾನ ಬರಬೇಕು."

ಜನ ಚಪ್ಪಾಳೆ ತಟ್ಟಿದರು.

ಇನ್ನೊಬ್ಬ ಸದಸ್ಯ ಹಿಂದೆ ಪೈಲ್ವಾನನಾಗಿದ್ದವನು. ಅವನು ತೊಡೆ ತಟ್ಟಿ, "ಇನ್ನೂ ಬಿಗಿಯಿರಲಿ" ಎಂದಷ್ಟೇ ಹೇಳಿ ಕೂತ. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮೂರನೆಯವನು ಶಾಸ್ತ್ರಿ. ಅವನು ಕಣ್ಣು ಮುಚ್ಚಿ ಹೇಳಿದ: "ಕಳ್ಳನೂ ತಾಯಿ ಹೆತ್ತ ಮಗ. ಅವನಿಗೆ ಹೊಟ್ಟೆತುಂಬ ಊಟ ಹಾಕಿ, ಎರಡು ಬುದ್ಧಿಮಾತು ಹೇಳಿ ಕಳಿಸೋಣ. ಶಿಕ್ಷೆಯಿಂದ ಯಾರೂ ತಿದ್ದಿಕೊಂಡಿಲ್ಲ." ಜನ ಕಣ್ಣೊರೆಸಿಕೊಂಡು ಅದಕ್ಕೂ ಚಪ್ಪಾಳೆ ತಟ್ಟಿದರು.

ಎಂಟು ಮಂದಿ ಕೋಳದ ಪರ, ಶಾಸ್ತ್ರಿಯೊಬ್ಬ ವಿರೋಧ. ಕಾನೂನು ಪಾಸಾಯಿತು. ಕೋಳ ಮಾಡಲು ಈರಾಚಾರಿ ಎಂಬ ಬಡಗಿಗೆ ಕರೆ ಹೋಯಿತು.

ಈರಾಚಾರಿ ಕೆಲಸದಲ್ಲಿ ಅಚ್ಚುಕಟ್ಟು. ಅಳತೆಯಿಲ್ಲದೆ ಮರಕ್ಕೆ ಉಳಿ ಮುಟ್ಟಿಸಿದವನಲ್ಲ. ಕೋಳವೆಂದರೆ ಒಂದರ ಮೇಲೊಂದು ಕೂರುವ ಎರಡು ದಪ್ಪ ಹಲಗೆ. ನಡುವೆ ಎರಡು ತೂತು. ಅಪರಾಧಿಯ ಕಾಲುಗಳನ್ನು ತೂತಿನಲ್ಲಿಟ್ಟು, ಮೇಲಿನ ಹಲಗೆ ಇಳಿಸಿ, ಅಗುಳಿ ಹಾಕುವುದು. ಕೆಲಸ ಸುಲಭವೇ. ಆದರೆ ತೂತು ಎಷ್ಟು ದೊಡ್ಡದಿರಬೇಕು?

"ಸ್ವಾಮಿ, ಕಳ್ಳ ಇನ್ನೂ ಸಿಕ್ಕಿಲ್ಲ. ಯಾರ ಕಾಲಿನ ಅಳತೆ ಹಿಡಿಯಲಿ?" ಎಂದು ಅವನು ಅಧ್ಯಕ್ಷರನ್ನು ಕೇಳಿದ.

ಅಧ್ಯಕ್ಷರಿಗೆ ಹಸಿವಾಗಿತ್ತು. "ಕಾನೂನು ಮಾಡಿದವರು ಸದಸ್ಯರು. ಅವರನ್ನೇ ಕೇಳಪ್ಪಾ" ಎಂದುಬಿಟ್ಟರು.

ಈರಾಚಾರಿ ಅದನ್ನು ಇದ್ದದ್ದು ಇದ್ದ ಹಾಗೆ ತಿಳಿದುಕೊಂಡ. ಮರುದಿನ ಬೆಳಗ್ಗೆ ದಾರ ಹಿಡಿದು ತುಪ್ಪದ ವ್ಯಾಪಾರಿಯ ಮನೆಗೆ ಹೋದ. ವ್ಯಾಪಾರಿ ಉಯ್ಯಾಲೆಯ ಮೇಲೆ ಕೂತಿದ್ದ. ಈರಾಚಾರಿ ನೆಲಕ್ಕೆ ಕೂತು ಅವನ ಕಣಕಾಲಿಗೆ ದಾರ ಸುತ್ತಿದ. ಉಯ್ಯಾಲೆ ನಿಂತಿತು.

"ಏನಯ್ಯಾ ಇದು?"

"ಕೋಳದ ಅಳತೆ, ಧಣಿ. ಇಷ್ಟು ಬಿಗಿ ಸಾಕೋ?"

ವ್ಯಾಪಾರಿ ತನ್ನ ಕಾಲನ್ನು ನೋಡಿದ. ಎಷ್ಟೋ ವರ್ಷಗಳಿಂದ ಅವನು ಅದನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. "ಒಂದು ಬೆರಳು ಸಡಿಲ ಬಿಡು" ಎಂದ. ಸ್ವಲ್ಪ ತಡೆದು, "ಅಂಚು ಚುಚ್ಚಬಾರದು, ಉಜ್ಜಿ ನಯ ಮಾಡು" ಎಂದ. ಈರಾಚಾರಿ ಬಾಗಿಲು ದಾಟುವಾಗ ಕೂಗಿ ಕರೆದು, "ಎರಡು ಬೆರಳು ಬಿಡು. ನನಗೋಸ್ಕರವಲ್ಲ, ಕಳ್ಳನಿಗೂ ರಕ್ತ ಓಡಾಡಬೇಕಲ್ಲ!" ಎಂದ.

ಪೈಲ್ವಾನನ ಕಾಲು ಒರಳಿನಷ್ಟು ದಪ್ಪ. ದಾರ ಸಾಲದೆ ಈರಾಚಾರಿ ತನ್ನ ಹೆಗಲ ಮೇಲಿನ ವಸ್ತ್ರವನ್ನು ಅದಕ್ಕೆ ಗಂಟು ಹಾಕಬೇಕಾಯಿತು. "ನನ್ನ ಕಾಲು ಹಿಡಿಯುವ ಕೋಳ ಈ ಭೂಮಿಯ ಮೇಲೆ ಹುಟ್ಟಿಲ್ಲ" ಎಂದು ಪೈಲ್ವಾನ ನಕ್ಕ. ನಕ್ಕು ಮುಗಿದ ಮೇಲೆ ಏನೋ ಹೊಳೆದವನಂತೆ, "ಆದರೂ ನೀನು ಸಣ್ಣದು ಮಾಡಿಬಿಟ್ಟರೆ ಕಷ್ಟ. ದೊಡ್ಡದೇ ಇರಲಿ. ಯಾರಿಗೂ ಹೇಳಬೇಡ" ಎಂದ.

ಶಾಸ್ತ್ರಿಯ ಮನೆಯಲ್ಲಾದರೂ ಎರಡು ಒಳ್ಳೆಯ ಮಾತು ಕೇಳಬಹುದು ಎಂದುಕೊಂಡು ಈರಾಚಾರಿ ಅಲ್ಲಿಗೆ ಹೋದ. ಶಾಸ್ತ್ರಿ ಅಂಗಳದಲ್ಲಿ ಸಿಟ್ಟಿನಿಂದ ಕುಣಿಯುತ್ತಿದ್ದ. ಸನ್ಮಾನದಲ್ಲಿ ಬಂದ ಜರತಾರಿ ಶಾಲು ಆ ದಿನ ಬೆಳಗ್ಗೆ ಕಾಣೆಯಾಗಿತ್ತು.

"ತೂತೇ? ತೂತು ಯಾಕೆ? ಹಲಗೆಗಳ ನಡುವೆ ಕಾಲಿಟ್ಟು ಮೊಳೆ ಹೊಡೆ!"

"ಸ್ವಾಮಿ, ಕಳ್ಳನೂ ತಾಯಿ ಹೆತ್ತ ಮಗ ಎಂದು ನಿನ್ನೆ ತಾವೇ..."

"ಹಾಗಾದರೆ ತಾಯಿಯನ್ನೂ ಹಿಡಿದು ತಾ!"

ಎರಡು ದಿನ ಕಳೆದ ಮೇಲೆ ಶಾಲು ಅಗಸರ ಮನೆಯಲ್ಲಿ ಸಿಕ್ಕಿತು. ಒಗೆಯಲು ಹಾಕಿದವಳು ಶಾಸ್ತ್ರಿಯ ಹೆಂಡತಿಯೇ. 'ಕರುಣೆಯೇ ದೊಡ್ಡದು. ನಡುವೆ ಹೇಳಿದ್ದನ್ನು ಮರೆತುಬಿಡು' ಎಂದು ಶಾಸ್ತ್ರಿ ಚೀಟಿ ಬರೆದು ಕಳಿಸಿದ.

ಉಳಿದ ಆರು ಮಂದಿಯ ಮನೆಯಲ್ಲೂ ಹೀಗೇ ಆಯಿತು. ಒಂಬತ್ತು ಅಳತೆಗಳನ್ನು ಮುಂದಿಟ್ಟುಕೊಂಡು ಈರಾಚಾರಿ ಒಂದು ಹಗಲು ಪೂರ್ತಿ ಯೋಚಿಸಿದ. ಕೊನೆಗೆ ಎಲ್ಲವನ್ನೂ ಪಕ್ಕಕ್ಕಿಟ್ಟು, ಸಾಧಾರಣ ಮನುಷ್ಯನ ಕಾಲು ನೋಯದೆ, ಜಾರದೆ ಕೂರುವಷ್ಟು ತೂತು ಕೊರೆದ. ಅಂಚನ್ನು ನಯ ಮಾಡಿದ. ಕೋಳ ಚೆನ್ನಾಗಿ ಬಂದಿತ್ತು. ಮನುಷ್ಯರನ್ನು ಕಟ್ಟಿಹಾಕುವ ವಸ್ತು ಇಷ್ಟು ಚೆಂದ ಬಂತಲ್ಲ ಎಂದು ಅವನಿಗೆ ಸ್ವಲ್ಪ ಹೆಮ್ಮೆಯೂ ಸ್ವಲ್ಪ ನಾಚಿಕೆಯೂ ಆಯಿತು.

ಆ ವಾರವೇ ಕಳ್ಳ ಸಿಕ್ಕಿಬಿದ್ದ. ಗೋಣಿಚೀಲದಲ್ಲಿ ಗಂಟೆಯೂ ಇತ್ತು, ಮುದುಕಿಯ ಹಂಡೆಯೂ ಇತ್ತು. ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರೆ ಅವನು ತುಪ್ಪದ ವ್ಯಾಪಾರಿಯ ಹೆಂಡತಿಯ ತಮ್ಮ.

ಸಭೆ ತುರ್ತಾಗಿ ಸೇರಿತು. ಕಾನೂನನ್ನು ಬದಲಿಸುವ ಮಾತನ್ನು ಯಾರೂ ಆಡಲಿಲ್ಲ. ಕಾನೂನು ಕಾನೂನೇ ಎಂದು ಎಲ್ಲರೂ ಒಪ್ಪಿದರು. ಕೆಲವರ ಕಾಲು ಬೇಸಿಗೆಯಲ್ಲಿ ಊದಿಕೊಳ್ಳುವುದುಂಟು, ಆದ್ದರಿಂದ ತೂತು ಇನ್ನೂ ಮೂರು ಬೆರಳು ಅಗಲವಾಗಲಿ ಎಂದಷ್ಟೇ ನಿರ್ಣಯವಾಯಿತು. ಬಿಸಿಲು ಎಂದು ಕಾನೂನಿನಲ್ಲಿದೆಯೇ ಹೊರತು ಎಷ್ಟು ಬಿಸಿಲು ಎಂದಿಲ್ಲ ಎಂದು ಶಾಸ್ತ್ರಿ ತೋರಿಸಿಕೊಟ್ಟ. ಚಪ್ಪರ ಹಾಕಿಸಿದರು.

ಈರಾಚಾರಿ ಉಳಿ ತೆಗೆದುಕೊಂಡು ತೂತನ್ನು ಅಗಲ ಮಾಡಿದ. ಮೈಯೆಲ್ಲ ಉರಿಯಿತು, ಆದರೂ ಮಾಡಿದ. ವ್ಯಾಪಾರಿಯ ಬಾವಮೈದುನ ಚಪ್ಪರದ ಕೆಳಗೆ ದಿಂಬಿಗೊರಗಿ ಹೋಳಿಗೆ ತಿನ್ನುತ್ತ ಒಂಬತ್ತು ದಿನ ಕೂತ. ಕಾಲು ಜೋಮು ಹಿಡಿದಾಗ ಹೊರಗೆಳೆದುಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ಅಡ್ಡಾಡಿ, ಮತ್ತೆ ಬಂದು ಕಾಲಿಡುತ್ತಿದ್ದ. ಅವನ ಶಿಸ್ತನ್ನು ಅಧ್ಯಕ್ಷರು ಮೆಚ್ಚಿಕೊಂಡರು.

ಅವನು ಹೋದ ಮಾರನೆಯ ದಿನ ಒಬ್ಬ ಬುಟ್ಟಿ ಹೆಣೆಯುವವನನ್ನು ಹಿಡಿದು ತಂದರು. ಸಭಾಭವನದ ಹಿಂದಿನ ಮೆಳೆಯಿಂದ ಅವನು ಎರಡು ಬಿದಿರು ಕಡಿದಿದ್ದ. ಕಡಿದದ್ದು ಹೌದೇ ಎಂದರೆ ಹೌದು ಎಂದ. ಏಕೆ ಎಂದರೆ, ಬುಟ್ಟಿ ಹೆಣೆಯಲು ಬಿದಿರು ಬೇಕು ಎಂದ. ಒಂಬತ್ತು ದಿನ ವಿಧಿಸಿದರು. ಚಪ್ಪರ ಬಿಚ್ಚಿಸಿದರು.

ಅವನ ಕಾಲು ಅವನು ಕಡಿದ ಬಿದಿರಿಗಿಂತ ತೆಳ್ಳಗಿತ್ತು. ಕೋಳದಲ್ಲಿಟ್ಟರೆ ತಾನಾಗಿಯೇ ಹೊರಗೆ ಬರುತ್ತಿತ್ತು. ಅವನು ಗಾಬರಿಯಾಗಿ ಮತ್ತೆ ಒಳಗಿಡುತ್ತಿದ್ದ. ಕೆಮ್ಮಿದರೆ ಹೊರಗೆ, ಸೀನಿದರೆ ಹೊರಗೆ. ದಾರಿಯಲ್ಲಿ ಹೋಗುತ್ತಿದ್ದ ಈರಾಚಾರಿಯನ್ನು ಕಂಡು ಅವನು ಕೈಮುಗಿದ.

"ಆಚಾರ್ರೇ, ನಾನು ಹಿಡಿದುಕೊಂಡೇ ಇದ್ದೇನೆ, ಈ ಕಾಲು ನಿಲ್ಲುತ್ತಿಲ್ಲ. ತಪ್ಪಿಸಿಕೊಂಡ ಎಂದು ಇನ್ನೂ ಒಂಬತ್ತು ದಿನ ಸೇರಿಸಿಬಿಟ್ಟಾರು. ಮನೆಯಲ್ಲಿ ಹೆಂಡತಿ ಒಬ್ಬಳೇ, ತುಂಬಿದ ಬಸುರಿ. ಏನಾದರೂ ಮಾಡಿ."

ಕೋಳ ಇನ್ನೂ ಬಿಗಿಯಾಗಲಿ ಎಂದು ಅದರೊಳಗೆ ಕೂತವನೇ ಬೇಡಿಕೊಂಡದ್ದನ್ನು ಈರಾಚಾರಿ ಕೇಳಿದ್ದು ಅದೇ ಮೊದಲು. ಅವನಿಗೆ ನಗು ಬಂತು. ನಗುತ್ತಲೇ ಬಗ್ಗಿ ಆ ಕಾಲನ್ನು ಮತ್ತೆ ತೂತಿನೊಳಗಿಟ್ಟ.

ಅಷ್ಟರಲ್ಲಿ ಸಭೆಗೆ ಸುದ್ದಿ ಮುಟ್ಟಿತ್ತು. ಎಲ್ಲರಿಗಿಂತ ಹೆಚ್ಚು ಸಿಟ್ಟಿಗೆದ್ದವನು ತುಪ್ಪದ ವ್ಯಾಪಾರಿ. "ಕಾನೂನಿನ ಮರ್ಯಾದೆ ಏನಾಯಿತು? ತೂತಿನ ಸುತ್ತ ಬೆಣೆ ಹೊಡೆದು ಬಿಗಿ ಮಾಡು" ಎಂದು ಅಪ್ಪಣೆ ಕಳಿಸಿದ.

ಈರಾಚಾರಿ ಬೆಣೆಗಳನ್ನು ಕೆತ್ತಿ ತಂದ. ಬುಟ್ಟಿಯವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕಾಲು ಒಡ್ಡಿದ. ಕಣಕಾಲಿನ ಮೂಳೆ ಚರ್ಮದಡಿ ಎದ್ದು ಕಾಣುತ್ತಿತ್ತು. ಮೂರು ಬೆರಳಿನ ಜಾಗ ತುಂಬುವಂತೆ ಬೆಣೆ ಹೊಡೆದರೆ ಆ ಮೂಳೆ ಉಳಿಯುವುದಿಲ್ಲ ಎಂದು ಈರಾಚಾರಿಯ ಕೈಗೆ ಗೊತ್ತಾಯಿತು. ಎತ್ತಿದ ಕೊಡತಿಯನ್ನು ಕೆಳಗಿಟ್ಟ. ನೆಟ್ಟಗೆ ಸಭೆಯೊಳಕ್ಕೆ ನಡೆದ. ಒಂಬತ್ತು ಮಂದಿಯೂ ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಬೆಣೆ ಹೊಡೆದರೆ ಆ ಮನುಷ್ಯನ ಕಾಲು ಮುರಿಯುತ್ತದೆ ಧಣಿ, ನನ್ನಿಂದಾಗದು" ಎಂದ. "ಅಗಲ ಮಾಡಿದ ಮರವನ್ನು ಮೊದಲಿನ ಹಾಗೆ ಮಾಡಲು ನನಗೆ ಬರುವುದಿಲ್ಲ. ಹೊಸ ಕೋಳ ಮಾಡಿಕೊಡುತ್ತೇನೆ. ಬಿಗಿ ಬೇಕೆಂದರೆ ಬಿಗಿ, ಸಡಿಲ ಬೇಕೆಂದರೆ ಸಡಿಲ. ಆದರೆ ಅದು ಒಂದೇ ಅಳತೆಯದು. ಯಾರ ಮನೆಯವರು ಬಂದರೂ ಆಮೇಲೆ ಉಳಿ ಮುಟ್ಟಿಸುವುದಿಲ್ಲ. ಸಭೆಯಿಂದಲೇ ಒಂದು ಕಾಲು ಬೇಕು. ಯಾರು ಕೊಡುತ್ತೀರಿ?"

ಹದಿನೆಂಟು ಕಾಲುಗಳು ಪಂಚೆಯೊಳಗೆ ಹೋದವು.

ಈರಾಚಾರಿ ದಾರ ಹಿಡಿದು ನಿಂತೇ ಇದ್ದ. ಪೈಲ್ವಾನ ಮಂಡಿನೋವು ಎಂದ. ಶಾಸ್ತ್ರಿ ಕರುಣೆಯ ಮೇಲೆ ಮಾತು ಶುರುಮಾಡಿದ, ಆದರೆ ಕಾಲನ್ನು ಮಾತ್ರ ಹೊರಗೆ ಬಿಡಲಿಲ್ಲ. ತುಪ್ಪದ ವ್ಯಾಪಾರಿ ಸೂರಿನ ತೊಲೆಗಳನ್ನು ಎಣಿಸತೊಡಗಿದ. ಕೊನೆಗೆ ಅಧ್ಯಕ್ಷರು, ವಿಷಯ ಗಂಭೀರವಾದದ್ದು, ಉಪಸಮಿತಿ ಪರಿಶೀಲಿಸಲಿ ಎಂದು ಹೇಳಿ ತಾವೇ ಎದ್ದು ಗಂಟೆ ಹೊಡೆದರು. ಆ ಸಭೆ ಅಷ್ಟು ಬೇಗ ಮುಗಿದದ್ದು ಹಿಂದೆಂದೂ ಇರಲಿಲ್ಲ.

ಉಪಸಮಿತಿ ಇನ್ನೂ ಪರಿಶೀಲಿಸುತ್ತಿದೆ. ಬುಟ್ಟಿ ಹೆಣೆಯುವವನು ಮಾತ್ರ ಉಳಿದ ಎಂಟು ದಿನವೂ ತನ್ನ ಕಾಲನ್ನು ತಾನೇ ಕೋಳದಲ್ಲಿ ಹಿಡಿದುಕೊಂಡು ಕೂತ. ಕೈ ಸೋತಾಗ ಈರಾಚಾರಿ ಬಂದು ಹಿಡಿದುಕೊಳ್ಳುತ್ತಿದ್ದ. ಈರಾಚಾರಿಯ ಹೆಂಡತಿ ಇಬ್ಬರಿಗೂ ರೊಟ್ಟಿ ತರುತ್ತಿದ್ದಳು. ಅತ್ತ ಬುಟ್ಟಿಯವನ ಮನೆಗೂ ಹೋಗಿ ಬಸುರಿಯನ್ನು ನೋಡಿಕೊಂಡು ಬರುತ್ತಿದ್ದಳು. ಏಳನೆಯ ದಿನ ಹೆಣ್ಣುಮಗು ಹುಟ್ಟಿತು ಎಂದು ಸುದ್ದಿ ತಂದಳು. ಬುಟ್ಟಿಯವನು ಸಂತೋಷಕ್ಕೆ ಎದ್ದು ನಿಂತುಬಿಟ್ಟ. ಆಮೇಲೆ ನೆನಪಾಗಿ, ನಾಲಿಗೆ ಕಚ್ಚಿಕೊಂಡು, ಅಳುತ್ತ ನಗುತ್ತ ಮತ್ತೆ ಕೂತು ಕಾಲನ್ನು ಒಳಗಿಟ್ಟ. ಒಂಬತ್ತು ದಿನ ತುಂಬಿದ ಮೇಲೆ ಈರಾಚಾರಿಯೇ ಅವನನ್ನು ಮನೆಯವರೆಗೆ ಕರೆದುಕೊಂಡು ಹೋಗಿ ಬಿಟ್ಟುಬಂದ. ಅಲ್ಲಿಂದ ಮುಂದೆ ಸಭೆಯ ಕೆಲಸಕ್ಕೆ ಈರಾಚಾರಿಯನ್ನು ಯಾರೂ ಕರೆಯಲಿಲ್ಲ. ಅವನು ತೊಟ್ಟಿಲು ಮಾಡಿಕೊಂಡು ಇದ್ದ.

ಮುಂದಿನ ಚುನಾವಣೆಯಲ್ಲಿ ಆ ಒಂಬತ್ತು ಮಂದಿಯೂ ಮತ್ತೆ ನಿಂತರು. ವ್ಯಾಪಾರಿ ಬಿಗಿಯ ಮೇಲೆ ಭಾಷಣ ಮಾಡಿದ, ಶಾಸ್ತ್ರಿ ಕರುಣೆಯ ಮೇಲೆ ಮಾಡಿದ. ಜನ ಹಿಂದಿನಂತೆಯೇ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ಒಂಬತ್ತು ಮಂದಿಯೂ ಗೆದ್ದರು.

ಗುರುಗಳು ಕತೆ ನಿಲ್ಲಿಸಿದರು.

ಪಂಚೆಯೊಳಗೆ ಹೋದ ಕಾಲುಗಳಿಗೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ ಶಿಷ್ಯ ಈಗ ನಗುತ್ತಿರಲಿಲ್ಲ. ಅವನ ಮುಖ ಕೆಂಪಾಗಿತ್ತು. ಕೈಯಲ್ಲಿದ್ದ ಅವರೆಕಾಯಿ ಹಿಸುಕಿಹೋಗಿತ್ತು.

"ಇಂಥವರನ್ನು ಸುಮ್ಮನೆ ಬಿಡಬಾರದು ಗುರುಗಳೇ! ಒಂಬತ್ತು ಮಂದಿಯನ್ನೂ ಸಾಲಾಗಿ ಕೋಳಕ್ಕೆ ಹಾಕಬೇಕು. ಒಂದು ಬೆರಳೂ ಸಡಿಲ ಕೊಡಬಾರದು. ಬೆಣೆ ಹೊಡೆದೇ ಕೂರಿಸಬೇಕು. ಮೂಳೆ ಮುರಿದರೆ ಮುರಿಯಲಿ!"

ಗುರುಗಳು ಅವರೆಕಾಯಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಸೊಂಟದಿಂದ ಒಂದು ತುಂಡು ದಾರ ತೆಗೆದರು.

"ಆಗಲಿ, ಕಾಲು ಚಾಚು" ಎಂದರು.

ಶಿಷ್ಯ ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡ.